ಲೀಟರಿನ ಲೆಕ್ಕ, ಪಾಲಿನ ಲೆಕ್ಕ

ಬೇಟೆಗಾರ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವವನು ಕಣ್ಣಪ್ಪ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಮೇಲಂತೂ ರಾಜ್‌ಕುಮಾರ್ ಮುಖವೇ ಅವನಿಗೆ ಕಾಯಂ ಆಯಿತು. ಆ ಕಥೆಯಲ್ಲಿ ನನಗೆ ಬಲು ಹಿಡಿಸುವ ವಿವರ ಒಂದಿದೆ: ಅವನ ಹತ್ತಿರ ಚೀಲವೇ ಇಲ್ಲ. ಶಿವನಿಗೆ ಒಯ್ಯುವ ನೀರು ಬಾಯಲ್ಲಿ, ಹೂವು ತಲೆಗೂದಲಲ್ಲಿ, ಮಾಂಸ ಕೈಯಲ್ಲಿ. ಈಗಿನ ಭಾಷೆಯಲ್ಲಿ ಹೇಳಬೇಕೆಂದರೆ ಮೂರು ಕಂಪಾರ್ಟ್‌ಮೆಂಟು, ಸೊನ್ನೆ ಲೀಟರ್.

ಇದನ್ನ ಯಾಕ ಎತ್ತಿದೆ ಅಂದ್ರ, ಹೋದ ತಿಂಗಳಿಂದ ನಾನು ಓದಿದ್ದು, ನೋಡಿದ್ದು ಎಲ್ಲಾ ಬೇಟೆಯ ಚೀಲದ್ದೇ. ಬಿಇ ಓದುವಾಗಿನ ಗೆಳೆಯನೊಬ್ಬ ಡೆನ್ವರ್‌ನಲ್ಲಿದ್ದಾನೆ. ಈ ಸಲ ಅಕ್ಟೋಬರಿನಲ್ಲಿ ಕೊಲೊರಾಡೊ ಬೆಟ್ಟಗಳಿಗೆ ಎಲ್ಕ್ ಬೇಟೆಗೆ ಹೋಗುವವನು. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ. ನಾಲ್ಕು ಚೀಲದ ಲಿಂಕು, ಹತ್ತಿಪ್ಪತ್ತು ವಿಮರ್ಶೆ, ‘ಖರೀದಿಸುವ ಮುನ್ನ’ ಎನ್ನುವ ಮಾದರಿಯ ವೀಡಿಯೊಗಳನ್ನು ಕಳಿಸಿ, “ಲೇ, ನೀ ಟ್ರೆಕಿಂಗ್ ಅಂತ ಗುಡ್ಡಾ ಸುತ್ತಾವ, ಇದ್ರಾಗ ಯಾವುದು ತಗೊಳ್ಲಿ ಹೇಳು” ಅಂದ. ಎಲ್ಲವನ್ನೂ ಕೂತು ನೋಡಿದೆ. ಚೀಲಗಳು ಚಲೋ ಅದಾವ. ಚೀಲದ ಬಗ್ಗೆ ಬರೆಯುವ, ಹೇಳುವ ರೀತಿಯ ಮೇಲೆ ಮಾತ್ರ ನನಗೆ ದೊಡ್ಡ ತಕರಾರಿದೆ. ಈ ಲೇಖನ ಆ ತಕರಾರು.

ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ ಇದು ಆಗುವ ಕೆಲಸವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ ಮೇಲೆ 1991ರಲ್ಲಿ ಬಂದ ತಿದ್ದುಪಡಿ, ಎರಡೂ ಸೇರಿ ಹವ್ಯಾಸದ ಬೇಟೆಯ ಬಾಗಿಲು ಮುಚ್ಚಿದವು. ಬೇಡ ನಾಯಕರು ಆಳಿದ ಸುರಪುರ ನಮ್ಮ ಶಿರವಾಳಕ್ಕೆ ದೂರವೇನಲ್ಲ. ಆದರೂ ಇವತ್ತು ಹೊಲದಲ್ಲಿ ಮೊಲಕ್ಕೆ ಬಲೆ ಹಾಕಿದರೆ ಕೇಸು ಬೀಳುತ್ತದೆ, ಬೀಳಲೂಬೇಕು. ಕೊಲೊರಾಡೊದಲ್ಲಿ ಕಾನೂನೇ ಬೇರೆ. ಲೈಸೆನ್ಸು, ಋತು, ಯಾವ ಪ್ರದೇಶದಲ್ಲಿ ಯಾವ ಪ್ರಾಣಿ ಎನ್ನುವುದೆಲ್ಲ ಗೊತ್ತು ಮಾಡಿಟ್ಟಿದ್ದಾರೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಪಾಠ ಮುಗಿಸಿ ಸರ್ಟಿಫಿಕೇಟ್ ತೋರಿಸಬೇಕು. ಹಣ ಕೊಟ್ಟರೆ ದಾರಿ ತೋರಿಸಲು ಗೈಡ್, ಹೊರೆ ಹೊರಲು ಕುದುರೆ ಸಿಗುತ್ತವೆ. ಅದ್ಯಾವುದೂ ಬೇಡ ಅಂತ ತನ್ನ ಗುಡಾರ, ತನ್ನ ಊಟ, ತನ್ನ ಬಂದೂಕು ಹೊತ್ತು ರಸ್ತೆ ಬಿಟ್ಟು ಒಳಗೆ ಹೋಗುವುದಕ್ಕೆ ಅಲ್ಲಿ ‘ಸೆಲ್ಫ್ ಗೈಡೆಡ್’ ಅನ್ನುತ್ತಾರೆ. ಆಗ ಕುದುರೆಯ ಕೆಲಸ ಚೀಲದ ಮೇಲೆ ಬೀಳುತ್ತದೆ. ಸರಿಯಾಗಿ ಹೇಳಿದರೆ ಬೆನ್ನಿನ ಮೇಲೆ.

ಈಗ ಚೀಲಕ್ಕೆ ಬರೋಣ. ನಾವು ಕುಮಾರಪರ್ವತಕ್ಕೆ ಹೊತ್ತುಕೊಂಡು ಹೋಗುವ 50–60 ಲೀಟರಿನ ಚೀಲ ಬರುವಾಗ ಹಗುರಾಗಿರುತ್ತದೆ. ತಿಂದದ್ದು ಕಮ್ಮಿ, ಕುಡಿದದ್ದು ಕಮ್ಮಿ. ಬೇಟೆಯ ಚೀಲ ಉಲ್ಟಾ. ಹೋಗುವಾಗ 20 ಕಿಲೋ ಇದ್ದದ್ದು ಬರುವಾಗ 40 ದಾಟಬಹುದು. ಹೀಗಾಗಿ ಇದರ ಜೀವ ಇರುವುದು ಬಟ್ಟೆಯಲ್ಲಲ್ಲ, ಚೌಕಟ್ಟಿನಲ್ಲಿ. ಕಿಫಾರು (ಸ್ವಾಹಿಲಿಯಲ್ಲಿ ಘೇಂಡಾಮೃಗ ಅಂತ ಅರ್ಥ), ಮೊಂಟಾನಾದ ಮಿಸ್ಟರಿ ರ‍್ಯಾಂಚ್, ಸ್ಟೋನ್ ಗ್ಲೇಸಿಯರ್ ಮೊದಲಾದ ಕಂಪನಿಗಳು ಬೇಟೆಗೆಂದು ಮಾಡುವ ಚೀಲಗಳ ಉಪಾಯ ಹೆಚ್ಚುಕಮ್ಮಿ ಒಂದೇ. ಬೆನ್ನಿಗೆ ಗಟ್ಟಿ ಚೌಕಟ್ಟು, ಅದರ ಹಿಂದೆ ಚೀಲ. ಎರಡನ್ನೂ ಸಡಿಲಿಸಿದರೆ ನಡುವೆ ಒಂದು ಜಾಗ ಬಾಯಿ ತೆರೆಯುತ್ತದೆ. ಮಾಂಸದ ಗಂಟು ಅಲ್ಲಿ ಕೂರುತ್ತದೆ. ಭಾರ ಬೆನ್ನುಹುರಿಗೆ ಅಂಟಿಕೊಂಡೇ ಇರುವುದರಿಂದ ಹಿಂದಕ್ಕೆ ಜಗ್ಗುವುದಿಲ್ಲ. ಹಾಸಿಗೆ, ಬಟ್ಟೆಗೆ ರಕ್ತ ತಾಗುವುದಿಲ್ಲ. ಮಾಂಸವನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಬಾರದು, ಗಾಳಿಯಾಡುವ ಬಟ್ಟೆಯ ಚೀಲವೇ ಬೇಕು. ಬಿಸಿ ಆರದಿದ್ದರೆ ದಾರಿಯಲ್ಲೇ ಕೆಡುತ್ತದೆ.

ಅಳತೆಯ ವಿಚಾರದಲ್ಲಿ ಆ ವಿಮರ್ಶಕರು ಹೇಳುವುದೆಲ್ಲ ಸರಿ, ನಮ್ಮ ಟ್ರೆಕಿಂಗ್‌ನವರಿಗೂ ಬೇಕಾದದ್ದೇ. ಕತ್ತು ಬಗ್ಗಿಸಿದಾಗ ಹಿಂದೆ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿಯಬೇಕು. ನಿಮ್ಮ ಎತ್ತರಕ್ಕಿಂತ ಈ ಉದ್ದ ಮುಖ್ಯ. ಭಾರದ ಹೆಚ್ಚಿನ ಪಾಲು ಸೊಂಟದ ಪಟ್ಟಿಗೆ ಹೋಗಬೇಕು, ಭುಜದ ಪಟ್ಟಿ ಚೀಲ ಹಿಂದಕ್ಕೆ ವಾಲದ ಹಾಗೆ ಹಿಡಿದುಕೊಂಡರೆ ಸಾಕು. ಚೌಕಟ್ಟಿನ ತುದಿ ಭುಜಕ್ಕಿಂತ ಮೇಲೆ ಇದ್ದರಷ್ಟೇ ಮೇಲಿನ ಎಳೆಪಟ್ಟಿಗಳಿಗೆ ಕೆಲಸ. ಕಾಲಿ ಚೀಲ ಹಾಕಿಕೊಂಡು ಕನ್ನಡಿ ನೋಡುವುದು ಚೀಲದ ಪರೀಕ್ಷೆಯಲ್ಲ. ಗೆಳೆಯನಿಗೆ ನಾ ಹೇಳಿದ್ದು: ಇಂಡಿಯನ್ ಸ್ಟೋರಿನಿಂದ 20 ಪೌಂಡಿನ ಸೋನಾ ಮಸೂರಿ ಚೀಲ ಮೂರು ತಾ, 27 ಕಿಲೋ ಆಗ್ತದ, ಕಟ್ಟಿಕೊಂಡು ಒಂದು ತಾಸು ಮೆಟ್ಟಿಲು ಹತ್ತಿ ಇಳಿ. ಕಾಲುವೆ ನೀರಿನಲ್ಲಿ ನಾವು ಬೆಳೆಯುವ ಅಕ್ಕಿ ಅಲ್ಲಿ ಹೋಗಿ ಇದಕ್ಕಾದರೂ ಉಪಯೋಗ ಬರಲಿ.

ಇಲ್ಲಿಯತನಕ ಜಗಳವಿಲ್ಲ. ಜಗಳ ಶುರುವಾಗುವುದು ಅವರು ಯಾವುದಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎನ್ನುವಲ್ಲಿ. ಇಪ್ಪತ್ತು ನಿಮಿಷದ ವೀಡಿಯೊದಲ್ಲಿ ಹತ್ತು ನಿಮಿಷ ಜೇಬು. ದುರ್ಬೀನಿಗೊಂದು, ಚಾಕುವಿಗೊಂದು, ಬಿಲ್ಲು ಸಿಗಿಸಲಿಕ್ಕೊಂದು. ಮುಂದೆ ಐದು ನಿಮಿಷ ಎಲೆ, ಕೊಂಬೆ, ಒಣಹುಲ್ಲಿನ ಚಿತ್ರ ಅಚ್ಚಾದ ಬಣ್ಣ. ಆ ಬಣ್ಣಕ್ಕೆ ಅಷ್ಟು ಹೊತ್ತು ಯಾಕೋ ತಿಳಿಯಲಿಲ್ಲ. ಜಿಂಕೆಯ ಜಾತಿಯ ಪ್ರಾಣಿಗಳಿಗೆ ಕೆಂಪು, ಕಿತ್ತಳೆ ನಮಗೆ ಕಂಡ ಹಾಗೆ ಕಾಣುವುದಿಲ್ಲ. ಮನುಷ್ಯನಿಗೆ ಕಾಣಬೇಕು. ಬಂದೂಕಿನ ಋತುವಿನಲ್ಲಿ ಕೊಲೊರಾಡೊದ ಬೇಟೆಗಾರ ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಟ್ಟಿರಬೇಕು, ತಲೆಯ ಮೇಲೂ ಅದೇ ಬಣ್ಣ ಇರಬೇಕು ಅಂತ ನಿಯಮ. ಅಷ್ಟು ದೊಡ್ಡ ಚೀಲ ಬೆನ್ನಿಗೆ ಬಿದ್ದರೆ ಹಿಂದಿನಿಂದ ಆ ಬಣ್ಣ ಮುಚ್ಚಿಹೋಗುತ್ತದೆ. ಹಾಗಾದರೆ ಚೀಲದ ಮೇಲೊಂದು ಕಿತ್ತಳೆ ಹೊದಿಕೆ ಹಾಕು ಅಂತ ಹೇಳಿದವರು ನಾನು ನೋಡಿದವರಲ್ಲಿ ಒಬ್ಬರೇ ಒಬ್ಬರು.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಆ ವೀಡಿಯೊಗಳಲ್ಲೆಲ್ಲ ಒಂದು ದೃಶ್ಯ ತಪ್ಪದೇ ಬರುತ್ತದೆ. ತುಂಬಿದ ಚೀಲ ನೆಲದ ಮೇಲೆ. ಅದಕ್ಕೆ ಬೆನ್ನು ಕೊಟ್ಟು ಕೂತು, ಪಟ್ಟಿ ಬಿಗಿದು, ಮಗ್ಗುಲಿಗೆ ಹೊರಳಿ, ಮೊಣಕಾಲಿಗೆ ಬಂದು, ಕೋಲು ಊರಿ ಒಬ್ಬನೇ ಏಳುತ್ತಾನೆ. ಹಿಂದೆ ಸಂಗೀತ. ಅದನ್ನು ಚೀಲದ ಶಕ್ತಿ ಅಂತ ತೋರಿಸುತ್ತಾರೆ. ನನಗೆ ಅಲ್ಲಿ ಚೀಲ ಕಾಣಲಿಲ್ಲ, ಎತ್ತಿಕೊಡುವವನು ಇಲ್ಲದ್ದು ಕಂಡಿತು.

ಕನ್ನಡದ ಬೇಟೆ ಸಾಹಿತ್ಯ ಓದಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’, ಕೆನೆತ್ ಆಂಡರ್ಸನ್ ಕಥೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ಪುಸ್ತಕಗಳು, ಇವುಗಳಲ್ಲಿ ಚೀಲದ ಮಾತು ಹುಡುಕಿದರೂ ಸಿಗುವುದು ಕಷ್ಟ. ಟಾರ್ಚು, ಫ್ಲಾಸ್ಕಿನ ಚಹಾ, ತೋಟಾ, ಅಷ್ಟೇ. ಯಾಕಂದ್ರ ಅಲ್ಲಿ ಬೇಟೆ ಒಬ್ಬನ ಕೆಲಸವೇ ಅಲ್ಲ. ಮಲೆನಾಡಿನಲ್ಲಿ ಹಳು ನುಗ್ಗುವವರು ಬೇರೆ, ಬಿಲ್ಲಿಗೆ ಕೂರುವವರು ಬೇರೆ. ಬಿದ್ದ ಹಂದಿಯನ್ನು ಕಾಲು ಕಟ್ಟಿ ಗಳುವಿಗೆ ಏರಿಸಿದರೆ ಇಬ್ಬರ ಹೆಗಲು ಬೇಕು. ಊರಿಗೆ ಬಂದ ಮೇಲೆ ಪಾಲು. ಗಳು ಒಂದು ಉಪಕರಣವಾದರೆ ಅದರ ವಿನ್ಯಾಸದಲ್ಲೇ ಎರಡನೆಯ ಮನುಷ್ಯ ಸೇರಿದ್ದಾನೆ. ಅಮೆರಿಕದ ಚೀಲದ ವಿನ್ಯಾಸದಲ್ಲಿ ಅವನನ್ನು ತೆಗೆದುಹಾಕಿದ್ದಾರೆ.

ಹಾಗಂತ ನಮ್ಮ ಪುಸ್ತಕಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುವ ಹಾಗೂ ಇಲ್ಲ. ಹೊರುವವರು ಯಾರು ಅಂತ ಕೇಳಿದರೆ ಅವೂ ತಡವರಿಸುತ್ತವೆ. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ 1878ರಲ್ಲಿ ಹದಿಮೂರು ವರ್ಷದ ಅನುಭವದ ಪುಸ್ತಕ ತಂದ. ಅಂಥ ಸಾಹೇಬರ ಡೇರೆ, ಪೆಟ್ಟಿಗೆ, ಬಂದೂಕು ತಾವಾಗಿ ಕಾಡು ಹೊಕ್ಕವೇನು? ಗುಂಡು ಹೊಡೆದವನ ಹೆಸರು ಮುಖಪುಟದಲ್ಲಿ, ಹೊತ್ತವರು ‘ಆಳುಗಳು’ ಎಂಬ ಒಂದೇ ಶಬ್ದದಲ್ಲಿ. ಆ ಲೆಕ್ಕದಲ್ಲಿ ನೋಡಿದರೆ ತನ್ನ ಹೊರೆ ತಾನೇ ಹೊರುತ್ತೇನೆ ಎನ್ನುವ ಇವತ್ತಿನ ಬೇಟೆಗಾರ ಸಾಹೇಬನಿಗಿಂತ ದೊಡ್ಡವನೇ. ಅಲಾಸ್ಕಾದಲ್ಲಿ ಇದಕ್ಕೆ ಕಾನೂನಿನ ಬಲವೂ ಇದೆ: ತಿನ್ನುವ ಮಾಂಸ ಪೂರ್ತಿ ಹೊರಗೆ ಬರುವ ತನಕ ಕೊಂಬು ಬಿದ್ದ ಜಾಗ ಬಿಡಬಾರದು, ಕಡೆಯ ಹೊರೆಯ ಜೊತೆ ಬಂದರೆ ಆಯಿತು. ಗೋಡೆಯ ಅಲಂಕಾರ ಆಮೇಲೆ, ಅನ್ನ ಮೊದಲು. ಒಳ್ಳೆಯ ನಿಯಮ. ಚೀಲ ಕೊಳ್ಳುವವನು ಲೀಟರ್ ನೋಡುವ ಮೊದಲು ಇಂಥದ್ದನ್ನ ಓದಬೇಕು.

ಆದರೆ ತನ್ನ ಹೊರೆ ತಾನು ಹೊರುವುದು ಬೇರೆ, ಒಬ್ಬನೇ ಹೋಗುವುದು ಬೇರೆ. ಇದನ್ನು ಯಾವ ಖರೀದಿ ಗೈಡೂ ಬಿಡಿಸಿ ಹೇಳುವುದಿಲ್ಲ. ಲೆಕ್ಕ ಮಾಡೋಣ, ಅದು ನಮ್ಮ ಕಸುಬು. ದೊಡ್ಡ ಗಂಡು ಎಲ್ಕ್ ಒಂದರಿಂದ ಎಲುಬು ಬಿಡಿಸಿದ ಮೇಲೂ ಸುಮಾರು 90 ಕಿಲೋ ಮಾಂಸ ಬರಬಹುದು. ಒಂದು ಸಲಕ್ಕೆ 30 ಕಿಲೋ ಅಂದರೆ ಮೂರು ಹೊರೆ. ಗುಡಾರ, ಹಾಸಿಗೆ, ಪಾತ್ರೆ ಸೇರಿ ಇನ್ನೊಂದು. ಒಟ್ಟು ನಾಲ್ಕು. ರಸ್ತೆ ಐದು ಕಿಲೋಮೀಟರ್ ದೂರ ಇದೆ ಅಂದುಕೊಳ್ಳಿ. ಒಬ್ಬನೇ ಇದ್ದರೆ ಹೊತ್ತು ನಾಲ್ಕು ಸಲ ಬರಬೇಕು, ನಡುವೆ ಮೂರು ಸಲ ವಾಪಸ್ ಹೋಗಬೇಕು. ಏಳು ಸಲ ಐದು, 35 ಕಿಲೋಮೀಟರ್. ಇಬ್ಬರಾದರೆ ಒಂದೇ ಗುಡಾರ, ತಲಾ ಎರಡು ಹೊರೆ, ತಲಾ 15 ಕಿಲೋಮೀಟರ್. ದುಬಾರಿ ಕಾರ್ಬನ್ ಫೈಬರ್ ಚೌಕಟ್ಟು ಹಾಕಿಸಿಕೊಂಡರೆ ಚೀಲದ ಭಾರ ಅರ್ಧ ಕಿಲೋ ಇಳಿದೀತು. ಜೊತೆಗೊಬ್ಬ ಬಂದರೆ 20 ಕಿಲೋಮೀಟರ್ ಇಳಿಯುತ್ತದೆ. ಕಾಲು ಉಳುಕಿದರೆ ಹೇಳಿಕಳಿಸಲಿಕ್ಕೆ ಜನ ಇರುತ್ತಾರೆ ಅನ್ನುವುದನ್ನ ನಾನು ಈ ಲೆಕ್ಕಕ್ಕೆ ಹಿಡಿದೇ ಇಲ್ಲ.

ಭಾರ ಹೊರುವುದು ಹೇಗೆ ಅಂತ ಕಲಿಯಲು ವೀಡಿಯೊ ಬೇಕಿಲ್ಲ, ಸುಗ್ಗಿಯಲ್ಲಿ ನಮ್ಮ ಕಡೆ ಅಡತಿ ಅಂಗಡಿ, ಅಕ್ಕಿ ಗಿರಣಿ ಮುಂದೆ ಅರ್ಧ ತಾಸು ನಿಲ್ರಿ ಸಾಕು. ನಮ್ಮಲ್ಲಿ ಭತ್ತದ ದರ ಮಾತಾಡುವುದೇ 75 ಕಿಲೋ ಚೀಲದ ಮೇಲೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಬ್ಬ ಗಂಡಾಳಿನ ಹೊರೆ 55 ಕಿಲೋ ದಾಟಬಾರದು ಅಂತ ಶಿಫಾರಸು ಮಾಡಿದೆ. ಹಮಾಲನ ಬೆನ್ನಿಗೆ ಚೌಕಟ್ಟಿಲ್ಲ, ಸೊಂಟದ ಪಟ್ಟಿ ಇಲ್ಲ, ತಲೆ–ಭುಜಕ್ಕೆ ಮಡಿಚಿದ ತಟ್ಟು ಒಂದೇ. ಬೆನ್ನು ಉಳಿಸುವ ವಿದ್ಯೆ ಜಗತ್ತಿಗೆ ಗೊತ್ತಿಲ್ಲ ಅಂತಲ್ಲ. ತನ್ನ ಬೆನ್ನಿಗೆ ತಾನೇ ಆರೇಳು ನೂರು ಡಾಲರ್ ಸುರಿಯುವವನ ಹತ್ತಿರ ಅದು ಮೊದಲು ಹೋಯಿತು, ಚೀಲಕ್ಕಿಷ್ಟು ಅಂತ ಕೂಲಿ ಎಣಿಸುವವನ ಹತ್ತಿರ ಇನ್ನೂ ಬಂದಿಲ್ಲ. ಬೆನ್ನುಚೀಲದ ವಿಮರ್ಶೆ ಬರೆಯುವ ನಮ್ಮಂಥವರು ಈ ಮಾತನ್ನು ಆಡದೆ ಹೋದರೆ ಅದು ವಿಮರ್ಶೆಯಾಗುವುದಿಲ್ಲ, ಜಾಹೀರಾತಾಗುತ್ತದೆ.

ಆದರೂ ಆ ಹಮಾಲನಿಗೆ ಗೊತ್ತಿರುವ ಒಂದು ಸಂಗತಿ ಗೈಡ್ ಬರೆಯುವವರಿಗೆ ಗೊತ್ತಿಲ್ಲ. ಅವನು ಚೀಲವನ್ನು ನೆಲದಿಂದ ಒಬ್ಬನೇ ಎತ್ತಿಕೊಳ್ಳುವುದಿಲ್ಲ. ಇಬ್ಬರು ಎರಡು ಬದಿಗೆ ಕೊಕ್ಕೆ ಹಾಕಿ ಎತ್ತಿಕೊಡುತ್ತಾರೆ, ಮೂರನೆಯವನು ಬೆನ್ನು ಕೊಡುತ್ತಾನೆ. ನೀರು ತರುವ ಹೆಣ್ಣುಮಕ್ಕಳೂ ಅಷ್ಟೇ: ಸಿಂಬಿ ತಲೆ ಮೇಲೆ ತಾವೇ ಇಟ್ಟುಕೊಳ್ಳುತ್ತಾರೆ, ತುಂಬಿದ ಕೊಡಕ್ಕೆ ಮಾತ್ರ “ಯಕ್ಕಾ, ಒಂಚೂರು ಕೈ ಹಚ್ಚು” ಅಂತಾರೆ. ಸಾವಿರ ವರ್ಷದ ಬಳಕೆಯಲ್ಲಿ ಉಳಿದುಬಂದ ಜ್ಞಾನ ಇದು. ಹೊರುವುದಕ್ಕಿಂತ ಎತ್ತುವಾಗ ಮೈ ಮುರಿಯುವುದು ಹೆಚ್ಚು.

ಹಾಗಾಗಿ ನನ್ನ ತೀರ್ಪು ಇಷ್ಟು. ನಾಲ್ಕು ಚೀಲಗಳಲ್ಲಿ ಯಾವುದು ಬೆನ್ನಿನ ಉದ್ದಕ್ಕೆ ಸರಿಹೊಂದುತ್ತದೋ ಅದು. ಚೌಕಟ್ಟು, ಚೀಲದ ನಡುವೆ ಮಾಂಸದ ಜಾಗ ಇರಲೇಬೇಕು. ಗಾತ್ರ 80 ಲೀಟರಿನ ಆಸುಪಾಸು ಸಾಕು, ಆದರೆ ಹಗಲು ತಿರುಗುವಾಗ ಚಪ್ಪಟೆಯಾಗಿ ಬಿಗಿಯುವಂತಿರಬೇಕು. ಕೊಂಬೆಗೆ ತಾಗಿದರೆ ಚರಚರ ಸದ್ದು ಮಾಡದ ಬಟ್ಟೆ. ಜೇಬು ಮೂರು ಇದ್ದರೆ ಧಾರಾಳ. ಎಲೆಚಿತ್ರಕ್ಕೆ ಹೆಚ್ಚು ಹಣ ಕೊಡುವುದು ಬೇಡ, ಆ ಹಣದಲ್ಲಿ ಕಿತ್ತಳೆ ಹೊದಿಕೆ, ಬಟ್ಟೆಯ ಮಾಂಸದ ಚೀಲ ಬರುತ್ತವೆ. ಒಬ್ಬನೇ ಹೋಗುವುದೇ ಆದರೆ ರಸ್ತೆಯಿಂದ ಎಷ್ಟು ದೂರದಲ್ಲಿ ಹೊಡೆದರೆ ಕೆಡುವ ಮೊದಲು ಅಷ್ಟೂ ಹೊತ್ತು ತರಲಾದೀತು ಅಂತ ನಕಾಶೆಯ ಮೇಲೆ ಗೆರೆ ಎಳೆದುಕೊಳ್ಳಬೇಕು. ಗೆರೆಯ ಆಚೆ ಎಂಥಾ ಕೊಂಬಿನ ಪ್ರಾಣಿ ನಿಂತರೂ ನೋಡಿ ಕೈಮುಗಿದು ಬರಬೇಕು.

ಒಳ್ಳೆಯ ಖರೀದಿ ಗೈಡ್ ಬರೆಯಬೇಕು ಅನ್ನುವವರಿಗೆ ನನ್ನ ಬೇಡಿಕೆ ಇನ್ನೂ ಚಿಕ್ಕದು. ಮೊದಲ ಸಾಲಿನಲ್ಲಿ “ಎಷ್ಟು ಲೀಟರ್ ಬೇಕು” ಅಂತ ಕೇಳಬ್ಯಾಡ್ರಿ. “ನಿಮ್ಮ ಜೋಡಿ ಯಾರು ಬರ್ತಾರ” ಅಂತ ಕೇಳ್ರಿ. ಅದಕ್ಕೆ ಉತ್ತರ ಸಿಕ್ಕ ಮೇಲೆ ಉಳಿದದ್ದನ್ನ ಟೇಪು, ತಕ್ಕಡಿ ಹೇಳ್ತಾವ.