ಗ್ರಂಥನಿಷೇಧವೂ ಗ್ರಂಥಾಲಯದ ಕಾಯಿದೆಯೂ

ಕಕ್ಕೇರಾ ಮೊದಲಾದ ಊರುಗಳನ್ನೊಳಗೊಂಡ ಸುರಪುರದ ಸೀಮೆಯು ವಚನವಾಙ್ಮಯದ ಅಭ್ಯಾಸಿಗಳಿಗೆ ಚಿರಪರಿಚಿತವಾದುದು. ದೇವರ ದಾಸಿಮಯ್ಯನ ಮುದನೂರು ಈ ಸೀಮೆಯಲ್ಲಿಯೇ ಇರುವುದು. ‘ರಾಮನಾಥ’ ಎಂಬ ಅಂಕಿತವು ಕಿವಿಗೆ ಬಿದ್ದೊಡನೆ ವಚನವು ದಾಸಿಮಯ್ಯನದೆಂದು ತಿಳಿಯುವುದಷ್ಟೆ. ವಚನಗಳ ಕರ್ತೃವನ್ನು ನಿರ್ಣಯಿಸುವವರಿಗೆ ಅಂಕಿತವೇ ಮುಖ್ಯವಾದ ಆಧಾರ. ಆದಕಾರಣ ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬ ಬಸವಣ್ಣನ ಅಂಕಿತವನ್ನು ‘ಲಿಂಗದೇವ’ ಎಂದು ಮಾರ್ಪಡಿಸಿದುದು ಗ್ರಂಥಸಂಪಾದನೆಯ ದೃಷ್ಟಿಯಿಂದ ಒಪ್ಪತಕ್ಕುದಲ್ಲ. ಓಲೆಗರಿಗಳ ಪಾಠವು ಒಂದಿರಲು, ತನ್ನ ನಂಬುಗೆಗೆ ತಕ್ಕಂತೆ ಬೇರೊಂದನ್ನು ಇಡುವ ಅಧಿಕಾರವು ಯಾವ ಸಂಪಾದಕನಿಗೂ ಇಲ್ಲ.

ಆದರೆ 1998ರಲ್ಲಿ ಕರ್ನಾಟಕ ಸರ್ಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಅಪಪಾಠವನ್ನು ಎತ್ತಿ ತೋರಿಸಿ ಖಂಡಿಸಬೇಕಾದ ವಿದ್ವಾಂಸನಿಗೆ ಆ ಅಪಪಾಠವಿರುವ ಪುಸ್ತಕವೇ ದೊರೆಯದಂತಾಯಿತು. ಇದಕ್ಕೂ ಮುನ್ನ, 1997ರಲ್ಲಿ, ಪಿ. ವಿ. ನಾರಾಯಣರ ‘ಧರ್ಮಕಾರಣ’ಕ್ಕೆ ಇದೇ ಗತಿ ಒದಗಿತ್ತು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದ ಆ ಕಾದಂಬರಿಯಲ್ಲಿ ಅಕ್ಕನಾಗಮ್ಮನನ್ನು ಕುರಿತ ಭಾಗವು ಭಕ್ತರ ಮನಸ್ಸನ್ನು ನೋಯಿಸುತ್ತದೆಂಬುದೇ ಆಕ್ಷೇಪಣೆ. ಬರಗೂರು ರಾಮಚಂದ್ರಪ್ಪ ಮೊದಲಾದವರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 2007ರಲ್ಲಿ ಅಲ್ಲಿಯೂ ಸರ್ಕಾರದ ಪಕ್ಷವೇ ಗೆದ್ದಿತು. ಒಂದು ಇಲಾಖೆ ಸನ್ಮಾನಿಸಿದುದನ್ನು ಇನ್ನೊಂದು ಇಲಾಖೆ ಜಪ್ತಿ ಮಾಡಿದ್ದು ವಿನೋದವೇ ಸರಿ.

ಈ ಎರಡು ಪ್ರಸಂಗಗಳಿಗೂ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮು ಆಧಾರವಾಗಿದ್ದಿತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೆಯ ಕಲಮು ಆ ಸ್ಥಾನದಲ್ಲಿದೆ. ಈ ಕಲಮಿನ ಕಾಠಿಣ್ಯವನ್ನು ಎಷ್ಟು ನಿಂದಿಸಿದರೂ ಅದರಲ್ಲೊಂದು ಗುಣವುಂಟೆಂದು ಒಪ್ಪಬೇಕು. ಸರ್ಕಾರವು ತನ್ನ ಅಭಿಪ್ರಾಯದ ಕಾರಣಗಳನ್ನು ಅಧಿಸೂಚನೆಯಲ್ಲಿ ಬರೆಯಲೇಬೇಕು. ಬಾಧಿತನಾದವನು ಎರಡು ತಿಂಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಮೂವರು ನ್ಯಾಯಾಧೀಶರ ವಿಶೇಷಪೀಠವು ಅದನ್ನು ವಿಚಾರಿಸತಕ್ಕದ್ದು. ದೋಷವೆಂದರೆ, ಪ್ರತಿಯೊಂದು ಪ್ರತಿಯೂ ಜಪ್ತಿಗೆ ಒಳಗಾಗುವುದರಿಂದ ಸಾರ್ವಜನಿಕ ಗ್ರಂಥಾಲಯದಲ್ಲಿ ಅಭ್ಯಾಸಕ್ಕಾಗಿ ಇಟ್ಟ ಪ್ರತಿಗೂ ಇಲ್ಲಿ ವಿನಾಯಿತಿಯಿಲ್ಲ.

ಇನ್ನು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ನೋಡೋಣ. ಪ್ರಾಧಿಕಾರಗಳ ರಚನೆ, ಜಿಲ್ಲಾ ಮತ್ತು ನಗರ ಗ್ರಂಥಾಲಯಗಳು, ಆಸ್ತಿಯ ಕಂದಾಯದೊಡನೆ ವಸೂಲಾಗುವ ಗ್ರಂಥಾಲಯ ಕರ, ಇವೆಲ್ಲಕ್ಕೂ ಅಲ್ಲಿ ವಿಧಿಗಳಿವೆ. ಒಮ್ಮೆ ಬೀರುವನ್ನು ಸೇರಿದ ಪುಸ್ತಕವನ್ನು ಯಾರ ದೂರಿನ ಮೇಲೆ, ಎಂತಹ ವಿಚಾರಣೆಯಿಂದ ತೆಗೆಯಬಹುದೆಂಬುದಕ್ಕೆ ಮಾತ್ರ ಮೂಲಕಾಯಿದೆಯಲ್ಲಿ ವಿಧಿಯಿಲ್ಲ. ಇದರ ಫಲ ವಿಚಿತ್ರವಾದುದು. ಸರ್ಕಾರವು ನಾಡಿನಲ್ಲೆಲ್ಲ ಒಂದು ಗ್ರಂಥವನ್ನು ತಡೆಯಬೇಕಾದರೆ ಕಾರಣವನ್ನು ಬರೆಯಬೇಕು. ಊರಿನ ನಾಲ್ಕು ಜನರ ಅಸಮಾಧಾನಕ್ಕೆ ಅಂಜಿ ಅದೇ ಗ್ರಂಥವನ್ನು ಮೂಲೆಗೆ ಸರಿಸುವ ಗ್ರಂಥಪಾಲಕನು ಏನನ್ನೂ ಬರೆಯಬೇಕಾಗಿಲ್ಲ. ಆ ಮೌನದ ಮೇಲೆ ಯಾವ ಪೀಠಕ್ಕೆ ಅರ್ಜಿ ಹಾಕುವುದು? ಕಕ್ಕೇರಾದಂತಹ ಊರಿನ ಓದುಗನಿಗೆ ಪುಸ್ತಕವು ಇದ್ದಿತೆಂಬ ಸಂಗತಿಯೇ ತಿಳಿಯದೆ ಹೋಗುವುದು.

ಅಮೆರಿಕದ ಇಲಿನಾಯ್ ಸಂಸ್ಥಾನವು 2023ರಲ್ಲಿ ಒಂದು ಕಾಯಿದೆ ಮಾಡಿ, ಪಕ್ಷಪಾತದ ಒತ್ತಾಯಕ್ಕೆ ಮಣಿದು ಪುಸ್ತಕಗಳನ್ನು ತೆಗೆಯುವುದಿಲ್ಲವೆಂಬ ನೀತಿಯನ್ನು ಅಂಗೀಕರಿಸಿದ ಗ್ರಂಥಾಲಯಗಳಿಗೆ ಮಾತ್ರ ಸಂಸ್ಥಾನದ ಅನುದಾನವು ಸಲ್ಲತಕ್ಕದ್ದೆಂದು ವಿಧಿಸಿತು. ಇದು ಜಾಣತನದ ಉಪಾಯವಾದರೂ ಪೂರ್ಣವಲ್ಲ. ಅನುದಾನವೇ ಬೇಡವೆಂದವರನ್ನು ಈ ವಿಧಿಯು ಕಟ್ಟಲಾರದು. ಶಾಲೆಗಳಲ್ಲಿ ಮಕ್ಕಳ ವಯಸ್ಸನ್ನು ನೋಡಿ ಪುಸ್ತಕಗಳನ್ನು ಆರಿಸುವುದು ಉಪಾಧ್ಯಾಯರ ಕರ್ತವ್ಯವೇ. ಆರಿಸಿ ತಂದುದನ್ನು ಹೊರಗಿನವರ ಗದ್ದಲಕ್ಕೆ ತೆಗೆದುಹಾಕುವುದು ಬೇರೆಯ ವಿಷಯ.

ಕನ್ನಡನಾಡಿನಲ್ಲಿ ಗ್ರಂಥಾಲಯಕ್ಕೆ ಹಣವು ಓದುಗರು ತೆರುವ ಕರದಿಂದಲೇ ಬರುವುದರಿಂದ ಇಲ್ಲಿ ಅನುದಾನದ ಷರತ್ತಿಗಿಂತ ಕಾಯಿದೆಯ ತಿದ್ದುಪಡಿಯೇ ಮೇಲು. ದೂರು ಲಿಖಿತವಾಗಿರತಕ್ಕದ್ದು, ತೀರ್ಮಾನವಾಗುವವರೆಗೆ ಪುಸ್ತಕವು ಬೀರುವಿನಲ್ಲಿಯೇ ಇರತಕ್ಕದ್ದು, ತೆಗೆದರೆ ಕಾರಣವನ್ನು ಬರೆದು ಪ್ರಕಟಿಸತಕ್ಕದ್ದು. ಮುಟ್ಟುಗೋಲಾದ ಗ್ರಂಥದ ಒಂದು ಪ್ರತಿಯಾದರೂ ಸಂಶೋಧಕರ ಉಪಯೋಗಕ್ಕೆ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಉಳಿಯುವಂತಿರಬೇಕು. ಇದಕ್ಕೆ ರಾಜ್ಯದ ತಿದ್ದುಪಡಿ ಸಾಲದು. ಕೇಂದ್ರದ ಸಂಹಿತೆಯ 98ನೆಯ ಕಲಮಿಗೇ ಒಂದು ವಿನಾಯಿತಿಯನ್ನು ಸೇರಿಸಬೇಕಾಗುವುದು.