560014ರ ಸೊಗಸು

ಜಾಲಹಳ್ಳಿಗೆ ಮೂರು ಪಿನ್ ಕೋಡ್: ಬಿಇಎಲ್ ಕಾರ್ಖಾನೆಯ ಕಡೆಗೆ 560013, ಈಸ್ಟಿಗೆ 560014, ವೆಸ್ಟಿಗೆ 560015. ‘ಬೆಂಗಳೂರು-13’ ಎಂದು ಎರಡೇ ಅಂಕಿಯಲ್ಲಿ ವಿಳಾಸ ಮುಗಿಸುವ ಹಳಬರು ಈಗಲೂ ಇದ್ದಾರೆ. 1972ರ ಆಗಸ್ಟ್ 15ರಂದು ಪಿನ್ ಪದ್ಧತಿ ಜಾರಿಗೆ ಬಂತು. ಬೆಂಗಳೂರಿನ ಗುರುತಾಗಿ 560 ಮುಂದೆ ಬಂದು ಕೂತಿತು. ಅಂಚೆಯವರಿಗೆ ಅದು ಬರೀ ಅನುಕೂಲ. ಆ ಪುಟ್ಟ ಸಂಖ್ಯೆಗಳಿಗೋ, ಜಾತಕವೇ ಬದಲಾಯಿತು.

13 ಅವಿಭಾಜ್ಯ. 560013 ಹಾಗಲ್ಲ, ಅಂಕಿಗಳನ್ನು ಕೂಡಿದರೆ 15, ಅಂದಮೇಲೆ 3ರಿಂದ ಭಾಗವಾಗುತ್ತದೆ. ಭಾಗಿಸಿದರೆ 186671. ಅಲ್ಲಿಗೆ ನಿಂತಿತು: ಈ 186671 ಮತ್ತೆ ಅವಿಭಾಜ್ಯ, ಯಾವ ಮಗ್ಗಿಗೂ ಜಗ್ಗದು. ಇತ್ತ 15ರೊಳಗೆ 3, 5 ಎರಡೂ ಇದ್ದವು. 560015ರಲ್ಲಿ 5 ಉಳಿದು 3 ಮಾಯ: 5 × 31 × 3613. ವೆಸ್ಟಿನವರು ಕಳೆದುಕೊಂಡ 3 ಬಿಇಎಲ್‌ನವರ ಪಾಲಾದಂತಿದೆ.

ನನಗೆ ಇಷ್ಟವಾದದ್ದು ಈಸ್ಟಿನ ಸಂಖ್ಯೆ. 14 ಅಂದರೆ 2 × 7, ಅಷ್ಟೇ. 560014 ಅಂದರೆ 2 × 7 × 13 × 17 × 181. ಇಷ್ಟೆಲ್ಲ ಎಲ್ಲಿಂದ ಬಂತು? 560000ವನ್ನು 17ರಿಂದ ಭಾಗಿಸಿ: ಶೇಷ 3, ತುಂಬಲು ಇನ್ನು 14 ಬೇಕು. 181ರಿಂದ ಭಾಗಿಸಿ: ಶೇಷ 167, ಅಲ್ಲೂ ಬೇಕಾದದ್ದು ಅದೇ 14! 13ಕ್ಕೆ ಒಂದೇ ಒಂದು ಕಡಿಮೆ. 14 ಆ ಒಂದನ್ನು ತುಂಬಿ, ಉಳಿದದ್ದರಲ್ಲಿ ಮತ್ತೊಂದು 13 ಕಟ್ಟಿಕೊಡುತ್ತದೆ. ಹಾಗಾಗಿ 560013ಕ್ಕೆ ನಾಲ್ಕೇ ಭಾಜಕಗಳು, 560015ಕ್ಕೆ ಎಂಟು, ನಡುವಿನ ಈ ಸಿರಿವಂತನಿಗೆ ಮೂವತ್ತೆರಡು.

7 ಮತ್ತು 13ನ್ನು ಹಿಡಿಯಲು ಪೆನ್ನೂ ಬೇಡ. 7 × 11 × 13 = 1001 ಎಂಬುದು ನೆನಪಿದ್ದರೆ ಸಾಕು. ಮೊದಲ ಮೂರಂಕಿಯಿಂದ ಕೊನೆಯ ಮೂರಂಕಿ ಕಳೆಯಿರಿ: 560ರಿಂದ 14 ಹೋದರೆ 546. ಅದು 7ಕ್ಕೂ 13ಕ್ಕೂ ಸಲ್ಲುತ್ತದೆ, 11ಕ್ಕೆ ಸಲ್ಲದು. ಪೂರ್ತಿ ಸಂಖ್ಯೆಯದೂ ಅದೇ ಕಥೆ.

ಈ 1001ರ ರುಚಿ ನಮ್ಮ ನೆಲಕ್ಕೆ ಹೊಸದೇನಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಗುಣಲಬ್ಧಗಳಿವೆ, ಅವನ ಕಣ್ಣಿಗೆ ಅವು ಕಂಠಾಭರಣಗಳು. 27994681 × 441 ಮಾಡಿದರೆ 12345654321. ಇದು 111111ರ ವರ್ಗ. 111111 ಅಂದರೆ 111 × 1001. ಸಾವಿರದ ಇನ್ನೂರು ಕೋಟಿ ಮೀರಿದ ಈ ಹಾರದ ಮುಂದೆ ನಮ್ಮ ಆರಂಕಿಯದೇನು ಲೆಕ್ಕ! ಆದರೂ ಆಚಾರ್ಯರದು ಕುಸುರಿ ಮಾಡಿ ಪೋಣಿಸಿದ ಒಡವೆ. ಯಾರೂ ಬಯಸದೆ ಬಂದ 560014ರ ಕಡೆಗೇ ನನ್ನ ಒಲವು ಒಂದು ಗುಲಗಂಜಿ ಹೆಚ್ಚು.

ಪೀಣ್ಯದ 560058ಕ್ಕೆ 7 ಇಲ್ಲ, 13 ಕೂಡ ಇಲ್ಲ. ವೈಟ್‌ಫೀಲ್ಡಿನ 560066ಕ್ಕೆ 13 ಸಿಕ್ಕಿದೆ, 7 ಸಿಕ್ಕಿಲ್ಲ. ಎರಡೂ ಒಟ್ಟಿಗೆ ಬೇಕೆಂದರೆ 91 ಸಂಖ್ಯೆ ದಾಟಿ 560105ಕ್ಕೆ, ಅಂದರೆ ನಗರದ ಇನ್ನೊಂದು ತುದಿಯ ಜಿಗಣಿಗೇ ಹೋಗಬೇಕು.