ಯೀಸ್ಟ್ ಎಂಬ ಕಸುಬುದಾರ

ಟಿಕೋಟಾ, ಬಬಲೇಶ್ವರದ ದ್ರಾಕ್ಷಿ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಯೀಸ್ಟ್‌ಗಳು ಬದುಕುತ್ತವೆ. ಅವುಗಳ ಬಳಗದ್ದೇ ಆದ ಬ್ರೆಡ್ಡಿನ ಯೀಸ್ಟ್ ಪ್ರಯೋಗಾಲಯದಲ್ಲಿ ಮಾಡುವ ಕೆಲಸ ನನಗೆ ಇಂದಿಗೂ ಬೆರಗು. 1993ರಲ್ಲಿ ಅಮೆರಿಕದ ಮೈಕೆಲ್ ಜಾಂಡಾ ಮತ್ತು ಪಾಲ್ ಆಲ್ಕ್ವಿಸ್ಟ್, ಹುಲ್ಲುಜಾತಿಯ ಗಿಡಗಳನ್ನು ಕಾಡುವ ಬ್ರೋಮ್ ಮೊಸಾಯಿಕ್ ವೈರಸ್ಸಿನ ಜೀನ್‌ಗಳನ್ನು ಯೀಸ್ಟ್‌ ಒಳಗಿಟ್ಟರು. ಯೀಸ್ಟ್ ತಯಾರಿಸಿದ ಕಿಣ್ವ ವೈರಸ್ಸಿನ ಆರ್‌ಎನ್‌ಎಯನ್ನು ನಿಜಕ್ಕೂ ನಕಲು ಮಾಡಿತು! ಕಿಣ್ವವೂ ಒಂದು ಪ್ರೋಟೀನೇ; ಪ್ರೋಟೀನಿನ ಸರ ಹೆಣೆದರಷ್ಟೇ ಸಾಲದು, ಅದು ಸರಿಯಾಗಿ ಮಡಚಿಕೊಂಡರೆ ಮಾತ್ರ ಕಿಣ್ವಕ್ಕೆ ಜೀವ. ನಮ್ಮ ಜೀವಕೋಶಗಳಂತೆ ಕೋಶಕೇಂದ್ರವಿರುವ ಯೀಸ್ಟ್‌ಗೆ ಆ ಮಡಚುವ ಕಸುಬು ಚೆನ್ನಾಗಿ ಗೊತ್ತು. ಅದನ್ನು ಬೆಳೆಸುವುದೂ ಸುಲಭ: ಸಕ್ಕರೆ ಮತ್ತು ಪೋಷಕಾಂಶ ಬೆರೆತ ನೀರು, ತುಸು ಬಿಸುಪು ಕೊಟ್ಟರೆ ಸಾಕು, ಒಂದೂವರೆ ಎರಡು ತಾಸಿಗೆ ಇಮ್ಮಡಿಯಾಗುತ್ತದೆ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಕೂಡ ಪಿಚಿಯಾ ಎಂಬ ಇನ್ನೊಂದು ಯೀಸ್ಟಿನ ದುಡಿಮೆಯೇ.